ಅಜ್ಜಿಯ ಗಂಟಿನ ಹಾಲಿ ರೂಪಾಯಿ

ಬೀದರಿನ ಮೈಲೂರಿನಲ್ಲಾಗಲಿ, ಭಾಲ್ಕಿ ಔರಾದಗಳ ಹಳ್ಳಿಗಳಲ್ಲಾಗಲಿ, ಹಳೆಯ ಮನೆಯ ಪೆಟ್ಟಿಗೆ ತೆರೆದರೆ ಬಟ್ಟೆಯ ಗಂಟಿನಲ್ಲಿ ನಾಲ್ಕಾರು ಬೆಳ್ಳಿಯ ನಾಣ್ಯಗಳು ಸಿಗುವುದುಂಟು. ಒಂದು ಬದಿಗೆ ಚಾರಮಿನಾರ್, ಇನ್ನೊಂದು ಬದಿಗೆ ಫಾರಸಿ ಬರಹ. ಆ ಅಕ್ಷರ ಬಲ್ಲ ಹಿರಿಯರು ಮನೆಯಲ್ಲಿ ಇಲ್ಲವಾದರೆ ಗಂಟು ನೇರವಾಗಿ ಪತ್ತಾರನ ಅಂಗಡಿಗೆ ಹೋಗುತ್ತದೆ, ಕರಗಿ ಕಾಲುಂಗುರವಾಗುತ್ತದೆ. ಕರಗಿದ ನಾಣ್ಯವನ್ನು ಮತ್ತೆ ಓದುವಂತಿಲ್ಲ. ಅದಕ್ಕೆ ಮೊದಲು ಹತ್ತು ನಿಮಿಷ ನೀವೇ ಅದನ್ನು ಓದಿ ನೋಡಿ. ಫಾರಸಿ ಬರಬೇಕೆಂದೇನೂ ಇಲ್ಲ.

ಇದು ಹೈದರಾಬಾದ್ ಸಂಸ್ಥಾನದ ಹಾಲಿ ಸಿಕ್ಕಾ. ಹಾಲಿ ಎಂದರೆ ಸದ್ಯ ನಡೆಯುತ್ತಿರುವ ನಾಣ್ಯ ಎಂದರ್ಥ. ಹೆಸರು ಉಳಿಯಿತು, ನಡೆ ನಿಂತಿತು: ಬೀದರ ಜಿಲ್ಲೆ 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು, 1959ರಲ್ಲಿ ಹಾಲಿಯ ಚಲಾವಣೆ ಪೂರ್ತಿ ರದ್ದಾಯಿತು. ಅದಕ್ಕೆ ಹಿಂದೆ ನಮ್ಮ ಕಡೆ ಎರಡು ರೂಪಾಯಿಗಳ ಲೆಕ್ಕವಿತ್ತು. ಬ್ರಿಟಿಷರದು ಕಲ್ದಾರ, ನಿಜಾಮರದು ಹಾಲಿ. ಏಳು ಹಾಲಿಗೆ ಆರು ಕಲ್ದಾರ. ಈ ಲೆಕ್ಕವನ್ನು ನೆನಪಿನಲ್ಲಿಡಿ, ಬೆಲೆ ಕಟ್ಟುವಾಗ ಮತ್ತೆ ಬೇಕಾಗುತ್ತದೆ.

ಮೊದಲು ಚಾರಮಿನಾರಿನ ನಡುಬಾಗಿಲನ್ನು ನೋಡಿ. ಅಲ್ಲಿ ಒಂದು ಅಕ್ಷರವಿರುತ್ತದೆ. ಪುಟ್ಟ ಗುಂಡುತಲೆಗೆ ಬಾಲ ಹಚ್ಚಿದಂತಿದ್ದರೆ ಅದು ಮೀಮ್. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಗುರುತು. ಬಾಯಿ ತೆರೆದ ಎರಡು ಕೊಕ್ಕೆಗಳನ್ನು ಒಂದರ ಕೆಳಗೊಂದು ಜೋಡಿಸಿದಂತಿದ್ದರೆ ಅದು ಐನ್. 1911ರಲ್ಲಿ ಪಟ್ಟಕ್ಕೆ ಬಂದ ಉಸ್ಮಾನ್ ಅಲಿ ಖಾನರದು. ಉಸ್ಮಾನರ ಮೊದಲ ವರ್ಷದ ಕೆಲವು ರೂಪಾಯಿಗಳಲ್ಲಿ ಈ ಐನ್ ಪೂರ್ಣವಾಗಿಲ್ಲ, ಮೇಲಿನ ಕೊಕ್ಕೆಯಷ್ಟೇ ಇದೆ. ಸಂಗ್ರಹಕಾರರು ಅಂಥವನ್ನು ಹುಡುಕುತ್ತಾರೆ. ಭೂತಗನ್ನಡಿ ಹಿಡಿದು ನೋಡುವ ಶ್ರಮ ಇದೊಂದಕ್ಕಾದರೂ ಸಾರ್ಥಕ.

ಇನ್ನು ಅಂಕಿಗಳು. ಇವುಗಳನ್ನು ನಮ್ಮಂತೆಯೇ ಎಡದಿಂದ ಬಲಕ್ಕೆ ಓದಬೇಕು. ನೆಟ್ಟಗಿನ ಗೀಟು ಒಂದು, ಹಲ್ಲುಳ್ಳ ಗೀಟು ಎರಡು ಅಥವಾ ಮೂರು. ಬಾಯಿ ಮೇಲಾದ ಕವೆ ಏಳು, ಬೋರಲಾದರೆ ಎಂಟು. ಸೊನ್ನೆಯೆಂದರೆ ಬರಿಯ ಚುಕ್ಕೆ. ನಮ್ಮ ಸೊನ್ನೆಯಂತೆ ಕಾಣುವುದು ಐದು. ನಾಣ್ಯದ ಮೇಲೆ 92 ಎಂದು ಕಂಡರೆ ಅದು ಇಸವಿಯಲ್ಲ; ಅಕ್ಷರಗಳಿಗೆ ಸಂಖ್ಯೆ ಹಚ್ಚುವ ಪದ್ಧತಿಯಲ್ಲಿ ಅದು ಮುಹಮ್ಮದ್ ಎಂಬ ಹೆಸರು. ಮೋಸಹೋಗುವವರು ಬಹಳ. ನಾಲ್ಕಂಕಿಯದು ಹಿಜರಿ ವರ್ಷ. ನೂರಕ್ಕೆ ಮೂರರಂತೆ ಕಳೆದು 622 ಕೂಡಿಸಿದರೆ ನಮ್ಮ ಇಸವಿ ಸಿಗುತ್ತದೆ. 1330ರಲ್ಲಿ 40 ಕಳೆದರೆ 1290, ಅದಕ್ಕೆ 622 ಸೇರಿದರೆ 1912. ಇನ್ನೊಂದು ಚಿಕ್ಕ ಅಂಕಿ ಜುಲೂಸ್, ಅಂದರೆ ಆಳ್ವಿಕೆಯ ವರ್ಷ. ಉಸ್ಮಾನರ ನಾಣ್ಯವಾದರೆ ಅದನ್ನು 1329ಕ್ಕೆ ಕೂಡಿಸಿ. ಹಿಜರಿ ವರ್ಷದ ಆಸುಪಾಸು ಬರಬೇಕು. ಒಂದಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ನಿಮ್ಮ ಓದು ತಪ್ಪಿರಬೇಕು, ಇಲ್ಲವೆ ನಾಣ್ಯವೇ ಸುಳ್ಳಿರಬೇಕು.

ಈಗ ತಕ್ಕಡಿ. ಸವೆಯದ ಹಾಲಿ ರೂಪಾಯಿ 11.18 ಗ್ರಾಂ ತೂಗುತ್ತದೆ. ಅದರಲ್ಲಿ ನೂರಕ್ಕೆ ಸುಮಾರು 82ರಷ್ಟು ಬೆಳ್ಳಿ, ಎಂದರೆ 9.14 ಗ್ರಾಂ. ಏಳು ರೂಪಾಯಿಗಳಲ್ಲಿ 64 ಗ್ರಾಂ ಆಯಿತು. ಹಳೆಯ ಕಲ್ದಾರದಲ್ಲಿ 10.69 ಗ್ರಾಂ ಬೆಳ್ಳಿ. ಆರು ಕಲ್ದಾರಗಳಲ್ಲಿಯೂ ಸುಮಾರು 64 ಗ್ರಾಂ! ಸಂತೆಯಲ್ಲಿ ನಮ್ಮ ಅಜ್ಜಂದಿರು ಬಾಯಲ್ಲಿ ಹೇಳುತ್ತಿದ್ದ ಲೆಕ್ಕ ಬೆಳ್ಳಿಯ ಲೆಕ್ಕಕ್ಕೂ ಸರಿಹೋಗುತ್ತದೆ. ಆದರೆ ಎರಡನೆಯ ಮಹಾಯುದ್ಧ ಕಾಲದ, 1361 ಹಿಜರಿಯಿಂದೀಚಿನ ರೂಪಾಯಿಗಳಲ್ಲಿ ಬೆಳ್ಳಿ ಅರ್ಧಕ್ಕೆ ಇಳಿಯಿತು. ತೂಕ ಅಷ್ಟೇ, ಬೆಳ್ಳಿ ಮಾತ್ರ 5.6 ಗ್ರಾಂ. ಇಸವಿ ಓದದೆ ಮಾರುವವನು ಇಲ್ಲಿಯೇ ಕೆಡುವುದು. ಒಳ್ಳೆಯ ಬೆಳ್ಳಿಯ ನಾಣ್ಯಕ್ಕೂ ಅರೆಬೆಳ್ಳಿಯ ದರ ತೆಗೆದುಕೊಂಡು ಸುಮ್ಮನೆ ಮನೆಗೆ ಬರುತ್ತಾನೆ.

ಆ ದಿನದ ಬೆಳ್ಳಿಯ ದರದಿಂದ ಗುಣಿಸಿದರೆ ಬರುವುದು ಕನಿಷ್ಠ ಬೆಲೆ. ಸವೆದ ಸಾಮಾನ್ಯ ವರ್ಷದ ನಾಣ್ಯಕ್ಕೆ ಅದಕ್ಕಿಂತ ಬಹಳ ಹೆಚ್ಚು ಬಾರದು. ಹಳೆಯ ನಾಣ್ಯಕ್ಕೆ ಲಕ್ಷ ಕೊಡುತ್ತೇವೆಂಬ ಜಾಹೀರಾತುಗಳನ್ನು ನಂಬಬೇಡಿ, ಮುಂಗಡ ಶುಲ್ಕ ಕೇಳಿದರಂತೂ ಮಾತೇ ಬೇಡ. ಅಂಚು ಹರಿತವಾಗಿದ್ದು ಮಿನಾರುಗಳ ಗೆರೆಗಳು ಸ್ಪಷ್ಟವಾಗಿದ್ದರೆ ಬೆಲೆ ಏರುತ್ತದೆ. ಸರಕ್ಕೆಂದು ಕೊಂಡಿ ಬೆಸೆದದ್ದಾದರೆ ಸಂಗ್ರಹಕಾರ ಮುಟ್ಟುವುದಿಲ್ಲ. ಮನೆಯ ಹೆಣ್ಣುಮಕ್ಕಳಿಗೆ ಒಂದು ಬಿನ್ನಹ: ಹಬ್ಬದ ಪಾತ್ರೆಗಳ ಜೊತೆ ಅದನ್ನು ಹುಣಿಸೆಹಣ್ಣು, ಬೂದಿ ಹಚ್ಚಿ ತಿಕ್ಕಬೇಡಿ. ಕಪ್ಪು ಹೋಗುವುದರ ಜೊತೆಗೆ ನಾಣ್ಯದ ಮೈಯೂ ಹೋಗುತ್ತದೆ. ಹಾಗೆಯೇ ಹತ್ತಿಬಟ್ಟೆಯಲ್ಲಿ ಸುತ್ತಿಡಿ.

ಪೆಟ್ಟಿಗೆಯದು ನಿಮ್ಮದು. ಪಾಯ ಅಗೆಯುವಾಗ ನೆಲದಲ್ಲಿ ಮಡಕೆ ಸಿಕ್ಕರೆ ಮಾತು ಬೇರೆ. ಅದನ್ನು ಜಿಲ್ಲಾಧಿಕಾರಿಗಳಿಗೆ ತಿಳಿಸಲೇಬೇಕು. ಬೀದರ ಬಹಮನಿಗಳ ರಾಜಧಾನಿಯಾಗಿ, ಮುಹಮ್ಮದಾಬಾದ್ ಎಂಬ ಹೆಸರಿನಲ್ಲಿ ತಾನೇ ನಾಣ್ಯ ಟಂಕಿಸಿದ ಊರು. ಅಂಥ ಮಡಕೆಯಲ್ಲಿ ಚಾರಮಿನಾರಿಗಿಂತ ಹಳೆಯ ತಾಮ್ರವೂ ಇರಬಹುದು.