ದೋಣಿ ಎಂಜಿನ್ನಿನ ಗಾಳಿದಾರಿ: ಮ್ಯಾನಿಫೋಲ್ಡಿನ ಆಯ್ಕೆ ಮತ್ತು ರಕ್ಷಣೆ

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮಲ್ಪೆ ಬಂದರಿನಲ್ಲಿ ದೋಣಿಗಳು ಸಾಲಾಗಿ ನಿಲ್ಲುವ ಈ ಮಳೆಗಾಲದಲ್ಲೇ ಕಾರ್ಕಳದ ತೋಟಗಳ ಡೀಸೆಲ್ ಪಂಪುಸೆಟ್ಟುಗಳಿಗೂ ಬಿಡುವು. ದುರಸ್ತಿಗೆ ಇದು ತಕ್ಕ ಕಾಲ. ಎಣ್ಣೆ ಬದಲಿಸಿ ಬಣ್ಣ ಬಳಿದರೆ ಮಾತ್ರ ಸಾಲದು. ಎಂಜಿನ್ ಉಸಿರಾಡುವ ದಾರಿಯನ್ನೂ ಬಿಚ್ಚಿ ನೋಡಬೇಕು.

ಮ್ಯಾನಿಫೋಲ್ಡಿನ ಕೆಲಸ

ಏರ್ ಕ್ಲೀನರಿನಿಂದ ಬಂದ ಗಾಳಿಯನ್ನು ಪ್ರತಿ ಸಿಲಿಂಡರಿಗೂ ಹಂಚುವ ಕವಲುಕೊಳವೆಯೇ ಇನ್‌ಟೇಕ್ ಮ್ಯಾನಿಫೋಲ್ಡ್. ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಲು ಕನಿಷ್ಠ ಸುಮಾರು 10,000 ಲೀಟರ್ ಗಾಳಿ ಬೇಕು. ಆ ಗಾಳಿಯೊಡನೆ ಧೂಳು ಬಂದರೆ ಸಿಲಿಂಡರ್ ಮತ್ತು ರಿಂಗುಗಳು ಸವೆಯುತ್ತವೆ. ನೀರು ಬಂದರಂತೂ ಅಪಾಯ ಇನ್ನೂ ಹೆಚ್ಚು. ಪಿಸ್ಟನ್ ಗಾಳಿಯನ್ನು ಅದರ ಗಾತ್ರದ ಸುಮಾರು 16ರಿಂದ 18ನೆಯ ಒಂದು ಪಾಲಿಗೆ ಒತ್ತಬಲ್ಲದು. ನೀರನ್ನು ಹಾಗೆ ಒತ್ತಲಾಗದು. ತತ್ಫಲವಾಗಿ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಇಲ್ಲವೆ ಮುರಿಯುತ್ತದೆ. ತೋಟದಲ್ಲಿ ಇದು ಹಣದ ನಷ್ಟ. ನಡುಗಡಲಿನಲ್ಲಿ ಪ್ರಾಣಕ್ಕೇ ಸಂಚಕಾರ.

ಆಯ್ಕೆ ಹೇಗೆ?

1. ಬೀಡುಕಬ್ಬಿಣದ ಮ್ಯಾನಿಫೋಲ್ಡ್ ಗಟ್ಟಿ. ಆದರೆ ಉಪ್ಪುಗಾಳಿಗೆ ತುಕ್ಕು ಹಿಡಿದು ಚಕ್ಕೆಗಳು ಸಿಲಿಂಡರಿಗೆ ಬೀಳಬಹುದು. ಅಲ್ಯೂಮಿನಿಯಂ ಹಗುರ, ಉಪ್ಪುನೀರು ತಾಗಿದಲ್ಲಿ, ವಿಶೇಷವಾಗಿ ಬೇರೆ ಲೋಹದ ಬೋಲ್ಟು ಕೂರುವ ಜಾಗದಲ್ಲಿ, ಬಿಳಿ ಪುಡಿಯೇಳುತ್ತದೆ, ಕುಳಿ ಬೀಳುತ್ತದೆ. ಆದ್ದರಿಂದ ಎಂಜಿನ್ ತಯಾರಕರು ಅದೇ ಮಾದರಿಯ ಸಮುದ್ರ ಬಳಕೆಯ ಎಂಜಿನ್ನಿಗೆಂದು ಕೊಡುವ ಭಾಗವೇ ಮೇಲು. ಲಾರಿಯ ಎಂಜಿನ್ನನ್ನು ದೋಣಿಗೆ ಹೊಂದಿಸಿದ್ದರೆ ಈ ಎಚ್ಚರ ಇನ್ನೂ ಅಗತ್ಯ.

2. ಬಿಡಿಭಾಗಕ್ಕಾಗಿ ಉಡುಪಿ, ಮಣಿಪಾಲದ ಅಂಗಡಿಗಳಿಗೆ ಹೋಗುವಾಗ ಹಳೆಯ ಭಾಗವನ್ನೂ ಗ್ಯಾಸ್ಕೆಟ್ಟನ್ನೂ ಒಯ್ದು ತೂತಿನ ಅಳತೆಗಳನ್ನು ತಾಳೆ ನೋಡಬೇಕು. ಕೊಳವೆಯ ಒಳಅಳತೆ ಕಿರಿದಾದರೆ ಗಾಳಿ ಸಾಲದೆ ಕಪ್ಪು ಹೊಗೆ ಬರುತ್ತದೆ, ಡೀಸೆಲ್ ಹೆಚ್ಚು ಖರ್ಚಾಗುತ್ತದೆ.

3. ಹಳೆಯ ಮಾಲನ್ನು ಕೊಳ್ಳುವುದಾದರೆ ಜೋಡಣೆಯ ಮುಖದ ಮೇಲೆ ಉಕ್ಕಿನ ಅಳತೆಪಟ್ಟಿಯನ್ನು ನೆಟ್ಟಗೆ ನಿಲ್ಲಿಸಬೇಕು. ಅಡಿಯಲ್ಲಿ ಬೆಳಕು ಕಂಡರೆ ಮುಖ ಸೊಟ್ಟಗಾಗಿದೆ ಎಂದರ್ಥ. ಅದನ್ನು ಯಂತ್ರದಲ್ಲಿ ಮಟ್ಟ ಮಾಡಿಸದೆ ಕೂರಿಸಬಾರದು.

ಕಡಲಿನಲ್ಲಿ ರಕ್ಷಣೆ

ಕಾಪು ಕಡಲತೀರದ ಅಲೆಯ ತುಂತುರನ್ನು ಕಂಡವರಿಗೆ ಉಪ್ಪುನೀರು ಎಲ್ಲೆಲ್ಲಿ ಹೊಕ್ಕೀತೆಂದು ಹೇಳಬೇಕಾಗಿಲ್ಲ. ಗಾಳಿ ಎಳೆಯುವ ಬಾಯಿ ದೋಣಿಯ ತಳದ ನೀರಿನಿಂದ ಸಾಧ್ಯವಿದ್ದಷ್ಟು ಎತ್ತರದಲ್ಲಿರಲಿ; ಅಲೆ ಬಡಿಯುವ ದಿಕ್ಕಿಗೆ ಎದುರಾಗದೆ ಕೆಳಮುಖವಾಗಿರಲಿ. ರಬ್ಬರ್ ಕೊಳವೆ ಎಳೆತಕ್ಕೆ ಚಪ್ಪಟೆಯಾಗದಂತೆ ಒಳಗೆ ತಂತಿಯಿರುವುದನ್ನೇ ಬಳಸಬೇಕು. ಕ್ಲಿಪ್ಪುಗಳು ಸ್ಟೇನ್‌ಲೆಸ್ ಸ್ಟೀಲಿನವಾಗಿರಲಿ. ಮ್ಯಾನಿಫೋಲ್ಡಿನ ಒಳಗೆ ಬಣ್ಣ ಬಳಿಯಬಾರದು; ಅದು ಎದ್ದು ಸಿಲಿಂಡರಿಗೆ ಹೋಗುತ್ತದೆ. ಟರ್ಬೊ ಇದ್ದು, ಗಾಳಿಯನ್ನು ಸಮುದ್ರದ ನೀರಿನಿಂದ ತಂಪುಗೊಳಿಸುವ ಕೂಲರ್ ಇರುವ ಎಂಜಿನ್‌ಗಳಲ್ಲಿ ಆ ಕೂಲರಿನ ಸೋರಿಕೆಯನ್ನೂ ಪರೀಕ್ಷಿಸಬೇಕು. ಅದು ಸೋರಿದರೆ ಉಪ್ಪುನೀರು ನೇರ ಮ್ಯಾನಿಫೋಲ್ಡಿಗೇ ಬರುತ್ತದೆ.

ತೋಟದಲ್ಲಿ ರಕ್ಷಣೆ

ಒಳನಾಡಿನ ಶತ್ರು ಮುರಕಲ್ಲಿನ ಕೆಂಪು ಧೂಳು. ಏರ್ ಕ್ಲೀನರ್ ತೆಗೆದಿಟ್ಟು ಪಂಪು ಓಡಿಸುವುದು ಸಲ್ಲದು. ಎಣ್ಣೆಯ ಏರ್ ಕ್ಲೀನರಿಗೆ ಗುರುತಿನವರೆಗೆ ಮಾತ್ರ ಎಣ್ಣೆ ಹಾಕಬೇಕು. ಹೆಚ್ಚಾದರೆ ಎಂಜಿನ್ ಆ ಎಣ್ಣೆಯನ್ನೇ ಎಳೆದು, ಹಿಡಿತ ಮೀರಿ ಓಡುವ ಭಯವಿದೆ. ಪಂಪನ್ನು ನಿಲ್ಲಿಸಿಟ್ಟಾಗ ಗಾಳಿಯ ಬಾಯಿಗೂ ಹೊಗೆ ಕೊಳವೆಗೂ ಮುಚ್ಚಳವಿರಲಿ. ಚಾಲೂ ಮಾಡುವ ಮುನ್ನ ತೆಗೆಯಲು ಮರೆಯದಿರಲಿ.

ಸುಲಭ ಪರೀಕ್ಷೆ

ಎಂಜಿನ್ ನಿಲ್ಲಿಸಿ, ಏರ್ ಕ್ಲೀನರಿನ ಆಚೆಯ ಕೊಳವೆಯನ್ನು ಕಳಚಿ, ಒಳಭಾಗವನ್ನು ಬಿಳಿ ಬಟ್ಟೆಯಿಂದ ಒರೆಸಬೇಕು. ಬಟ್ಟೆ ಕೆಂಪಾದರೆ ಧೂಳು ಶೋಧನೆಯಾಗದೆ ಒಳಹೋಗುತ್ತಿದೆ. ಕ್ಲೀನರ್, ಗ್ಯಾಸ್ಕೆಟ್, ಕೊಳವೆ, ಕ್ಲಿಪ್ಪುಗಳಲ್ಲಿ ದೋಷ ಹುಡುಕಬೇಕು. ಉಪ್ಪಿನ ಬಿಳಿ ಕಲೆ ಕಂಡರೆ ನೀರಿನ ದಾರಿಯನ್ನು ಹುಡುಕಬೇಕು.

ನೀರು ಹೊಕ್ಕರೆ?

ನೀರು ಹೊಕ್ಕ ಸಂಶಯವಿದ್ದರೆ ಸ್ಟಾರ್ಟರ್ ಮುಟ್ಟಲೇಬಾರದು. ‘ಒಮ್ಮೆ ನೋಡೋಣ’ ಎಂದು ತಿರುಗಿಸಿದ ಆ ಒಂದು ಸುತ್ತಿನಲ್ಲೇ ರಾಡ್ ಬಾಗಬಹುದು. ಇಂಜೆಕ್ಟರುಗಳನ್ನು ಬಿಚ್ಚಿಸಿ, ಎಂಜಿನ್ನನ್ನು ಕೈಯಿಂದ ನಿಧಾನವಾಗಿ ತಿರುಗಿಸಿ ನೀರನ್ನು ಹೊರಹಾಕಬೇಕು. ಎಂಜಿನ್ ಎಣ್ಣೆಯನ್ನೂ ಬದಲಿಸಬೇಕು. ಉಪ್ಪುನೀರಾದರೆ ಮೆಕ್ಯಾನಿಕನನ್ನು ಅಂದೇ ಕರೆಸುವುದು ಅತ್ಯವಶ್ಯಕ. ತುಕ್ಕು ಮರುದಿನದವರೆಗೆ ಕಾಯುವುದಿಲ್ಲ.

ಒಂದು ಗ್ಯಾಸ್ಕೆಟ್, ನಾಲ್ಕು ಕ್ಲಿಪ್ಪು, ಮಳೆಗಾಲದ ಅರ್ಧ ದಿನದ ಕೆಲಸ, ಇಷ್ಟೇ ಇದರ ಖರ್ಚು. ಆಗಸ್ಟಿನಲ್ಲಿ ಕಡಲಿಗಿಳಿಯುವ ದೋಣಿಗೂ ಬೇಸಿಗೆಯಲ್ಲಿ ಅಡಿಕೆಗೆ ನೀರುಣಿಸುವ ಪಂಪಿಗೂ ಶುದ್ಧವಾದ ಒಣಗಾಳಿಯೇ ಆಯುಸ್ಸು ಎಂಬುದನ್ನು ಮರೆಯಬಾರದು.