ರೆಲಿಗೇಟ್: ಕೆಳಗಿಳಿಸಿದವರು ಯಾರು?

ಏಪ್ರಿಲ್, ಮೇ ತಿಂಗಳು ಬಂತೆಂದರೆ ಇಂಗ್ಲಿಷ್ ಪತ್ರಿಕೆಗಳ ಆಟದ ಪುಟದಲ್ಲಿ ಒಂದು ಪದ ತಪ್ಪದೆ ಕಾಣುತ್ತದೆ. ಅದು ‘ರೆಲಿಗೇಟ್’. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಫುಟ್‌ಬಾಲಿನಲ್ಲಿ 20 ತಂಡಗಳು ಆಡುತ್ತವೆ. ಪಂದ್ಯಗಳೆಲ್ಲ ಮುಗಿದ ಮೇಲೆ ಅಂಕಪಟ್ಟಿಯಲ್ಲಿ ಕೊನೆಗೆ ಉಳಿದ 3 ತಂಡಗಳು ಕೆಳಗಿನ ಹಂತಕ್ಕೆ ಇಳಿಯಬೇಕು. ಹೀಗೆ ಇಳಿಸುವುದಕ್ಕೇ ರೆಲಿಗೇಟ್ ಎನ್ನುತ್ತಾರೆ. ಲೆಸ್ಟರ್ ಸಿಟಿ ಎಂಬ ತಂಡ 2016ರಲ್ಲಿ ಇಡೀ ಲೀಗಿಗೆ ಚಾಂಪಿಯನ್ ಆಗಿ ಜಗತ್ತನ್ನೇ ಬೆರಗುಗೊಳಿಸಿತು. ಅದೇ ತಂಡ 2023ರಲ್ಲಿ ಕೆಳಗಿಳಿಯಿತು, 2024ರಲ್ಲಿ ಮೇಲೇರಿತು, 2025ರಲ್ಲಿ ಮತ್ತೆ ಕೆಳಗಿಳಿಯಿತು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ನಮ್ಮ ಮಕ್ಕಳಿಗೆ ಹೊಸ ಪದವೆಂದರೆ ಹೆದರಿಕೆಯಿಲ್ಲ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್ ಎಂದು ಮೂರು ಭಾಷೆಗಳ ನಡುವೆಯೇ ಅವರು ಬೆಳೆಯುತ್ತಾರೆ. ಆದರೆ ಈ ಪದವನ್ನು ಬಳಸುವಾಗ ಸ್ವಲ್ಪ ಎಚ್ಚರ ಬೇಕು. ಇದು ಆಟದ ಮೈದಾನ ದಾಟಿ ಮನೆ, ಕಚೇರಿ, ಊರುಗಳೊಳಗೂ ಬಂದು ಕೂತಿದೆ.

ರೋಮಿನಿಂದ ಬಂದ ಪದ

ರೆಲಿಗೇಟ್‌ನ ಮೂಲ ಲ್ಯಾಟಿನ್ ಭಾಷೆ. ‘ರೆ’ ಎಂದರೆ ಹಿಂದಕ್ಕೆ, ದೂರಕ್ಕೆ. ‘ಲೆಗಾರೆ’ ಎಂದರೆ ಕಳಿಸು. ಸಭೆಗೆ ಪ್ರತಿನಿಧಿಯಾಗಿ ಹೋಗುವವರನ್ನು ಡೆಲಿಗೇಟ್ ಎನ್ನುತ್ತೇವಲ್ಲ, ಆ ಪದವೂ ಇದೇ ಮನೆತನದ್ದು. ಒಬ್ಬನನ್ನು ಗೌರವದಿಂದ ಕಳಿಸಿದರು, ಇನ್ನೊಬ್ಬನನ್ನು ದೂರಕ್ಕೆ ಸಾಗಹಾಕಿದರು, ಅಷ್ಟೇ ವ್ಯತ್ಯಾಸ.

ಪ್ರಾಚೀನ ರೋಮಿನಲ್ಲಿ ಇದು ಒಂದು ಶಿಕ್ಷೆಯ ಹೆಸರು. ಕ್ರಿ.ಶ. 8ರಲ್ಲಿ ಚಕ್ರವರ್ತಿ ಆಗಸ್ಟಸ್, ಕವಿ ಓವಿಡನನ್ನು ಕಪ್ಪು ಸಮುದ್ರದ ದಡದ ತೋಮಿಸ್ ಎಂಬ ಊರಿಗೆ ಕಳಿಸಿಬಿಟ್ಟ. ಆ ಊರು ಇಂದಿನ ರೊಮೇನಿಯಾ ದೇಶದಲ್ಲಿದೆ. ಓವಿಡನ ಆಸ್ತಿ ಹೋಗಲಿಲ್ಲ, ರೋಮಿನ ಪ್ರಜೆ ಎಂಬ ಹಕ್ಕೂ ಹೋಗಲಿಲ್ಲ. ಆದರೆ ತನ್ನ ಊರಿಗೆ ಮರಳುವ ಭಾಗ್ಯ ಮಾತ್ರ ಸಿಗಲಿಲ್ಲ. ಕೊನೆಯವರೆಗೂ ಅಲ್ಲೇ ಉಳಿದು ಸತ್ತ. ರೆಲಿಗೇಟ್ ಪದದ ತಿರುಳು ಇದೇ. ಇದ್ದದ್ದು ನಾಶವಾಗುವುದಿಲ್ಲ, ಇರಬೇಕಾದ ಜಾಗದಲ್ಲಿ ಮಾತ್ರ ಇರುವುದಿಲ್ಲ.

ಬಳಸುವ ರೀತಿ

ಈ ಕ್ರಿಯಾಪದದ ಹಿಂದೆಯೇ ಸಾಮಾನ್ಯವಾಗಿ ‘ಟು’ ಬರುತ್ತದೆ. ‘ದಿ ಟೀಮ್ ವಾಸ್ ರೆಲಿಗೇಟೆಡ್ ಟು ದಿ ಸೆಕೆಂಡ್ ಡಿವಿಷನ್’ ಎಂದರೆ ತಂಡವನ್ನು ಎರಡನೇ ದರ್ಜೆಗೆ ಇಳಿಸಲಾಯಿತು ಎಂದರ್ಥ. ಎಲ್ಲಿಗೆ ಎಂಬುದನ್ನು ಹೇಳದಿದ್ದರೆ, ಆಟದ ಸುದ್ದಿ ಬಿಟ್ಟು ಬೇರೆ ಕಡೆ, ವಾಕ್ಯ ಅರ್ಧಕ್ಕೇ ನಿಂತಂತೆ ಕೇಳುತ್ತದೆ.

ಇದರ ನೆಂಟರನ್ನೂ ಗುರುತಿಟ್ಟುಕೊಳ್ಳಿ. ‘ಡಿಮೋಟ್’ ಎಂದರೆ ಹುದ್ದೆಯಲ್ಲಿ ಹಿಂಬಡ್ತಿ ಕೊಡುವುದು. ‘ಸೈಡ್‌ಲೈನ್’ ಎಂದರೆ ಆಟಗಾರನನ್ನು ಗೆರೆಯಾಚೆ ಕೂರಿಸಿದ ಹಾಗೆ ಬದಿಗೆ ಸರಿಸುವುದು. ‘ರೆಲಿಗೇಟ್’ನಲ್ಲಿ ಇವೆರಡೂ ಸೇರಿವೆ. ಕೆಳಗೆ ಇಳಿಸಿ, ಅಲ್ಲೇ ಇರು ಎನ್ನುವುದು. ಇನ್ನೊಂದು ಬಳಕೆಯೂ ಉಂಟು. ನಮ್ಮ ಹೈಕೋರ್ಟುಗಳ ಆದೇಶಗಳಲ್ಲಿ ಅರ್ಜಿದಾರರನ್ನು ಸಿವಿಲ್ ಕೋರ್ಟಿಗೆ ರೆಲಿಗೇಟ್ ಮಾಡಲಾಗಿದೆ ಎಂಬ ಮಾತು ಬರುತ್ತದೆ. ಅಲ್ಲಿ ಅವಮಾನವೇನೂ ಇಲ್ಲ, ಈ ವಿಷಯಕ್ಕೆ ಅಲ್ಲಿಗೆ ಹೋಗಿ ಎಂದಷ್ಟೇ ಅರ್ಥ.

ಕನ್ನಡದಲ್ಲಿ ಇದಕ್ಕೆ ಪದಗಳ ಬಡತನವಿಲ್ಲ. ಮೂಲೆಗುಂಪು ಮಾಡು, ಬದಿಗೊತ್ತು, ಕಡೆಗಣಿಸು, ಎತ್ತಂಗಡಿ ಮಾಡು. ಬೀಸುವ ಕಲ್ಲು ಹಿತ್ತಲಿಗೆ ಹೋಯಿತು, ತಾಮ್ರದ ಹಂಡೆ ಅಟ್ಟ ಸೇರಿತು ಎಂದರೂ ಅದೇ ಭಾವ. ‘ಮೂಲೆ’, ‘ಬದಿ’, ‘ಕಡೆ’, ‘ಅಟ್ಟ’, ಹೀಗೆ ನಮ್ಮ ಮಾತುಗಳಲ್ಲಿ ಜಾಗದ ಹೆಸರು ಪದದೊಳಗೇ ಕೂತಿರುತ್ತದೆ.

ಪ್ಲೂಟೊ ಮಾಡಿದ ತಪ್ಪೇನು?

ಪ್ಲೂಟೊ ಪತ್ತೆಯಾದದ್ದು 1930ರಲ್ಲಿ. ಆ ಹೆಸರನ್ನು ಸೂಚಿಸಿದವಳು ಇಂಗ್ಲೆಂಡಿನ 11 ವರ್ಷದ ಹುಡುಗಿ ವೆನಿಷಿಯಾ ಬರ್ನಿ. 76 ವರ್ಷ ಅದು ಒಂಬತ್ತನೆಯ ಗ್ರಹವಾಗಿತ್ತು. 2006ರ ಆಗಸ್ಟ್ 24ರಂದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಗ್ರಹವೆಂದರೇನು ಎಂಬುದಕ್ಕೆ ಹೊಸ ವ್ಯಾಖ್ಯೆ ಕೊಟ್ಟಿತು. ಪ್ಲೂಟೊ ಕುಬ್ಜಗ್ರಹವಾಯಿತು. ಅಮೆರಿಕದ ಭಾಷಾ ತಜ್ಞರ ಸಂಘವೊಂದು ಆ ವರ್ಷದ ಪದವಾಗಿ ಆರಿಸಿದ್ದೇ ‘ಪ್ಲೂಟೋಡ್’. ಬೆಲೆ ಇಳಿಸಿಕೊಂಡವನು ಎಂದು ಅದರ ಅರ್ಥ!

ಗಮನಿಸಿ ಮಕ್ಕಳೇ, ಪ್ಲೂಟೊ ತಾನಿದ್ದ ಹಾದಿಯಲ್ಲೇ ಸೂರ್ಯನನ್ನು ಸುತ್ತುತ್ತಿದೆ. ಅದು ಒಂದಿಷ್ಟೂ ಸಣ್ಣದಾಗಲಿಲ್ಲ. ಬದಲಾದದ್ದು ನಮ್ಮ ಪಟ್ಟಿ. ಲೆಸ್ಟರ್ ತಂಡ ಸೋತು ಕೆಳಗಿಳಿಯಿತು. ಪ್ಲೂಟೊ ಏನೂ ಮಾಡದೆ ಕೆಳಗಿಳಿಯಿತು. ಎರಡಕ್ಕೂ ಬಳಸುವುದು ಒಂದೇ ಪದ. ಎಚ್ಚರ ಬೇಕು ಎಂದದ್ದು ಇದಕ್ಕೇ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದಾಗ ಎತ್ತಲಾರದಷ್ಟು ಭಾರದ ಲೆಡ್ಜರುಗಳಿದ್ದವು. ಕಂಪ್ಯೂಟರ್ ಬಂದ ಮೇಲೆ ಅವು ಹಳೆಯ ಕಾಗದಗಳ ಕೋಣೆಗೆ ರೆಲಿಗೇಟ್ ಆದವು. ಅದರಿಂದ ಯಾರಿಗೂ ಅನ್ಯಾಯವಾಗಲಿಲ್ಲ, ಕೆಲಸ ಸುಲಭವಾಯಿತು. ಆದರೆ ಆ ಲೆಡ್ಜರುಗಳು ಕಲಿಸಿದ ಪಾಠ ಒಂದಿದೆ. ಜಮಾ ಮತ್ತು ಖರ್ಚು ಎರಡೂ ಬದಿ ಬರೆಯದೆ ಲೆಕ್ಕ ಕೂಡುವುದಿಲ್ಲ. ‘ವಾಸ್ ರೆಲಿಗೇಟೆಡ್’ ಎಂಬ ಮಾತಿನಲ್ಲಿ ಒಂದೇ ಬದಿ ಕಾಣುತ್ತದೆ. ಇಳಿದವರು ಕಾಣುತ್ತಾರೆ, ಇಳಿಸಿದವರು ಕಾಣುವುದಿಲ್ಲ.

ಬಾಗಿಲಲ್ಲಿ ಬಿಟ್ಟ ಚಪ್ಪಲಿ

ಇದಕ್ಕೆ ಉದಾಹರಣೆ ಹುಡುಕಲು ರೋಮಿಗೆ ಹೋಗಬೇಕಿಲ್ಲ. ನಮ್ಮ ಮನೆಬಾಗಿಲಲ್ಲಿ ಬಿಟ್ಟ ಚಪ್ಪಲಿಯನ್ನೇ ನೋಡಿ. ಕೊಲ್ಹಾಪುರಿ ಎಂಬ ಹೆಸರಿನಲ್ಲಿ ಮಾರಾಟವಾಗುವ ಎಷ್ಟೋ ಜೋಡಿಗಳು ತಯಾರಾಗುವುದು ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಭಾಗದ ಮನೆಗಳಲ್ಲಿ. ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ಹದ ಮಾಡಿದ ತೊಗಲು, ಮೊಳೆಯಿಲ್ಲದೆ ತೊಗಲಿನ ದಾರದಿಂದಲೇ ಹಾಕುವ ಹೊಲಿಗೆ. ಹದ ಮಾಡುವುದು, ಕತ್ತರಿಸುವುದು, ಹೆಣೆಯುವುದು ಎಲ್ಲವೂ ಕೈಕೆಲಸ. ಸಣ್ಣ ಹೆಣಿಗೆಯ ಬಹುಪಾಲು ಹೆಂಗಸರದು.

ಕೊಲ್ಹಾಪುರ ದೊಡ್ಡ ಪೇಟೆ. ಶಾಹು ಮಹಾರಾಜರು ಈ ಕಸುಬಿಗೆ ಪ್ರೋತ್ಸಾಹ ಕೊಟ್ಟವರು. ಆದ್ದರಿಂದ ಹೆಸರು ಅಲ್ಲಿಯದಾಯಿತು. ಅದರಲ್ಲಿ ತಪ್ಪಿಲ್ಲ, ಅಲ್ಲಿನ ಕುಶಲಕರ್ಮಿಗಳ ಕಷ್ಟವೂ ನಮ್ಮವರ ಕಷ್ಟವೇ. ಆದರೆ ಮಾಡಿದ ಊರಿನ ಹೆಸರು ಯಾರ ಬಾಯಲ್ಲೂ ಬರದೆ ಹೋಯಿತು. ಇನ್ನೂ ದೊಡ್ಡ ರೆಲಿಗೇಷನ್ ಒಂದಿದೆ. ತೊಗಲು ಹದ ಮಾಡುವ ಢೋರರನ್ನು, ಚಪ್ಪಲಿ ಹೊಲಿಯುವ ಸಮಗಾರರನ್ನು ಊರು ತನ್ನ ಅಂಚಿನ ಕೇರಿಗೆ ಕಳಿಸಿತ್ತು. ಚಪ್ಪಲಿ ಬೇಕಿತ್ತು, ಮಾಡಿದ ಕೈ ಬೇಕಿರಲಿಲ್ಲ. ಅವರು ಯಾವ ಪಂದ್ಯದಲ್ಲೂ ಸೋತಿರಲಿಲ್ಲ. ಪ್ಲೂಟೊ ಹಾಗೆ, ಅವರನ್ನು ಕೆಳಗಿಟ್ಟದ್ದು ಇತರರು ಬರೆದ ಪಟ್ಟಿ.

ಆ ಪಟ್ಟಿಯನ್ನು ತಿದ್ದಲು ನೋಡಿದವರೂ ನಮ್ಮ ನಾಡಿನಲ್ಲಿ ಇದ್ದರು. 12ನೆಯ ಶತಮಾನದ ಶರಣ ಹರಳಯ್ಯ ಬಸವಣ್ಣನವರಿಗೆಂದು ಪಾದರಕ್ಷೆ ಮಾಡಿ ತಂದಾಗ, ಬಸವಣ್ಣನವರು ಅದನ್ನು ಕಾಲಿಗೆ ತೊಡಲು ಒಪ್ಪದೆ ತಲೆಯ ಮೇಲಿಟ್ಟುಕೊಂಡರು ಎಂದು ಜನ ಇಂದಿಗೂ ಕಥೆ ಹೇಳುತ್ತಾರೆ. ಕಾಲಿಗೆ ಸೇರಿದ್ದು ತಲೆಗೆ ಏರಿತು. ರೆಲಿಗೇಟ್ ಪದಕ್ಕೆ ಇದಕ್ಕಿಂತ ಒಳ್ಳೆಯ ವಿರುದ್ಧಾರ್ಥ ಸಿಗಲಿಕ್ಕಿಲ್ಲ.

ಈಚೆಗೆ ಕಾನೂನೂ ಸ್ವಲ್ಪ ಜೊತೆಗೆ ಬಂದಿದೆ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದಾಗ ಅದು ಎರಡು ರಾಜ್ಯಗಳ 8 ಜಿಲ್ಲೆಗಳಿಗೆ ಸೇರಿತು. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ ಒಂದು ಕಡೆ. ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಇನ್ನೊಂದು ಕಡೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದ ಪ್ರದರ್ಶನದಲ್ಲಿ ಇದೇ ಮಾದರಿಯ ಚಪ್ಪಲಿಗಳನ್ನು ತೋರಿಸಿತು, ಮೂಲದ ಹೆಸರು ಮಾತ್ರ ಹೇಳಲಿಲ್ಲ. ಜನ ಎದ್ದು ಕೇಳಿದರು. ಆಮೇಲೆ ಕಂಪನಿ ಭಾರತದ ಕರಕುಶಲವೇ ತನಗೆ ಪ್ರೇರಣೆ ಎಂದು ಒಪ್ಪಿತು. ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಲಿಡ್‌ಕಾಮ್ ಮತ್ತು ಕರ್ನಾಟಕದ ಲಿಡ್ಕರ್ ನಿಗಮಗಳ ಜೊತೆ ಒಪ್ಪಂದ ಮಾಡಿಕೊಂಡು, ಈ ಎರಡು ರಾಜ್ಯಗಳಲ್ಲೇ 2,000 ಜೋಡಿ ಮಾಡಿಸುವುದಾಗಿ ಪ್ರಕಟಿಸಿತು. ಜೋಡಿಗೆ ಬೆಲೆ ಸುಮಾರು 800 ಯೂರೊ. ಅದರಲ್ಲಿ ಹೊಲಿದ ಕೈಗೆ ಎಷ್ಟು ಮುಟ್ಟುತ್ತದೆ ಎಂಬುದೇ ಮುಂದೆ ನೋಡಬೇಕಾದ ಲೆಕ್ಕ.

ಮೂರು ಪ್ರಶ್ನೆ

ಇನ್ನು ಮುಂದೆ ಈ ಪದ ಎಲ್ಲಿ ಕಂಡರೂ, ನೀವೇ ಬಳಸಿದರೂ, ಮೂರು ಪ್ರಶ್ನೆ ಕೇಳಿಕೊಳ್ಳಿ. ಎಲ್ಲಿಂದ ಇಳಿಸಿದರು? ಎಲ್ಲಿಗೆ ಕಳಿಸಿದರು? ಇಳಿಸಿದವರು ಯಾರು? ಮೊದಲ ಎರಡಕ್ಕೆ ಉತ್ತರ ಸುಲಭ, ಮೂರನೆಯದಕ್ಕೆ ತುಸು ಧೈರ್ಯ ಬೇಕು. ‘ಅಜ್ಜ ಹಿಂದಿನ ಕೋಣೆಗೆ ರೆಲಿಗೇಟ್ ಆದರು’ ಎಂದು ಬರೆಯುವುದು ಸುಲಭ. ‘ನಾವು ಅಜ್ಜನನ್ನು ಹಿಂದಿನ ಕೋಣೆಗೆ ಕಳಿಸಿದೆವು’ ಎಂದು ಬರೆದು ನೋಡಿ, ಕೈ ಒಂದು ಕ್ಷಣ ನಿಲ್ಲುತ್ತದೆ. ಆ ನಿಂತ ಕ್ಷಣದಲ್ಲಿ ಅಜ್ಜನನ್ನು ಮತ್ತೆ ಪಡಸಾಲೆಗೆ ಕರೆಯಬಹುದು.

ಮಕ್ಕಳಿಗೆ ಒಂದು ಮನೆಗೆಲಸ. ನಿಮ್ಮ ಮನೆಯ ಅಟ್ಟದಲ್ಲಿ, ಹಿತ್ತಲಲ್ಲಿ, ಮೂಲೆಯಲ್ಲಿ ಸೇರಿರುವ ಐದು ವಸ್ತುಗಳನ್ನು ಪಟ್ಟಿ ಮಾಡಿ. ಪ್ರತಿಯೊಂದಕ್ಕೂ ರೆಲಿಗೇಟ್ ಬಳಸಿ ಒಂದು ಇಂಗ್ಲಿಷ್ ವಾಕ್ಯ ಬರೆಯಿರಿ, ‘ಟು’ ಮರೆಯಬೇಡಿ. ಆಮೇಲೆ ಅವ್ವನನ್ನೋ ಅಜ್ಜಿಯನ್ನೋ ಕರೆದು, ಆ ಐದರಲ್ಲಿ ಯಾವುದು ನಿಜಕ್ಕೂ ಕೆಲಸಕ್ಕೆ ಬಾರದ್ದು, ಯಾವುದನ್ನು ನಾವು ಸುಮ್ಮನೆ ಕೆಳಗಿಟ್ಟೆವು ಎಂದು ಕೇಳಿ.