ಗರ್ಭಿಣಿ ಹಾಗೂ ಬಾಣಂತಿಯರ ಮಾನಸಿಕ ಆರೋಗ್ಯ: ಆರೋಗ್ಯ ಸಿಬ್ಬಂದಿಗೆ ತರಬೇತಿ ಏಕೆ ಮತ್ತು ಹೇಗೆ?

ಗರ್ಭಧಾರಣೆಯಿಂದ ಮೊದಲ್ಗೊಂಡು ಹೆರಿಗೆಯ ನಂತರದ ಒಂದು ವರ್ಷದವರೆಗಿನ ಅವಧಿಯಲ್ಲಿ ಸ್ತ್ರೀಯರಲ್ಲಿ ಮಾನಸಿಕ ತೊಂದರೆಗಳು ಕಾಣಿಸಿಕೊಳ್ಳುವ ಸಂಭವ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಮೇರೆಗೆ ಅಭಿವೃದ್ಧಿಶೀಲ ರಾಷ್ಟ್ರಗಳಲ್ಲಿ ಗರ್ಭಿಣಿಯರ ಪೈಕಿ ಶೇ. 15.6ರಷ್ಟು ಹಾಗೂ ಬಾಣಂತಿಯರ ಪೈಕಿ ಶೇ. 19.8ರಷ್ಟು ಸ್ತ್ರೀಯರು ಇಂತಹ ತೊಂದರೆಗೆ, ಮುಖ್ಯವಾಗಿ ಖಿನ್ನತೆಗೆ, ಒಳಗಾಗುತ್ತಾರೆ. ಭಾರತದಲ್ಲಿ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಲಾದ ವಿಶ್ಲೇಷಣೆಯು ಹೆರಿಗೆಯ ನಂತರದ ಖಿನ್ನತೆಯ ಪ್ರಮಾಣವನ್ನು ಶೇ. 22 ಎಂದು ಗುರುತಿಸಿದೆ. ಅಂದರೆ ಉಪಕೇಂದ್ರವೊಂದರ ವ್ಯಾಪ್ತಿಯ ಐವರು ಬಾಣಂತಿಯರಲ್ಲಿ ಒಬ್ಬರಿಗೆ ಈ ತೊಂದರೆ ಇದ್ದಿರಬಹುದು. ಆಕೆ ಚುಚ್ಚುಮದ್ದಿನ ದಿನ ಕೂಸನ್ನು ಎತ್ತಿಕೊಂಡು ಬರುತ್ತಾಳೆ, ಕೇಳಿದ ಪ್ರಶ್ನೆಗಳಿಗೆ ಉತ್ತರಿಸುತ್ತಾಳೆ, ಹಿಂದಿರುಗುತ್ತಾಳೆ. ಆಕೆಯ ಮನಸ್ಸಿನ ಬಗ್ಗೆ ಯಾರೂ ಕೇಳದಿದ್ದಲ್ಲಿ ತಾನಾಗಿ ಹೇಳುವುದು ವಿರಳ.

ಈ ಪುಟದಲ್ಲಿ ಹುಬ್ಬಳ್ಳಿ-ಧಾರವಾಡ ಭಾಗದ ವೈದ್ಯರು, ಶುಶ್ರೂಷಕಿಯರು, ಉಪಕೇಂದ್ರದ ಮಹಿಳಾ ಆರೋಗ್ಯ ಸಿಬ್ಬಂದಿ ಮತ್ತು ಆಶಾ ಕಾರ್ಯಕರ್ತೆಯರು ಈ ವಿಷಯದಲ್ಲಿ ಏನನ್ನು ತಿಳಿದಿರಬೇಕು ಎಂಬುದನ್ನು ಸಾರ್ವಜನಿಕರ ಮಾಹಿತಿಗಾಗಿ ವಿವರಿಸಲಾಗಿದೆ. ಬಾಣಂತಿಯರ ಕುಟುಂಬದವರೂ ಇದನ್ನು ಓದುವುದು ಉಪಯುಕ್ತ.

ಕರ್ನಾಟಕದಲ್ಲಿ ಇದರ ಹಿನ್ನೆಲೆ

ಮನೋರೋಗ ತಜ್ಞರಲ್ಲದ ಆರೋಗ್ಯ ಸಿಬ್ಬಂದಿಗೆ ಮಾನಸಿಕ ಆರೋಗ್ಯದ ತರಬೇತಿ ನೀಡುವ ಪ್ರಯೋಗ ನಮ್ಮ ರಾಜ್ಯಕ್ಕೆ ಹೊಸದಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1970ರ ದಶಕದಲ್ಲಿಯೇ ಸಕಲವಾರದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು ಹಾಗೂ ಕಾರ್ಯಕರ್ತರಿಗೆ ತರಬೇತಿಯನ್ನು ಆರಂಭಿಸಿತ್ತು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗದ ಆಧಾರದ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ರಾಷ್ಟ್ರಮಟ್ಟದಲ್ಲಿ ಜಾರಿಗೆ ಬಂದಿತು. 2009ರಲ್ಲಿ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಮಗುವನ್ನು ಒಟ್ಟಿಗೆ ದಾಖಲಿಸಿಕೊಳ್ಳುವ ಪ್ರತ್ಯೇಕ ಒಳರೋಗಿ ವಿಭಾಗ ಆರಂಭವಾಯಿತು. ಅದೇ ವರ್ಷ ಧಾರವಾಡದ ಹಳೆಯ ಮಾನಸಿಕ ಆಸ್ಪತ್ರೆಯು ಧಾರವಾಡ ಮಾನಸಿಕ ಆರೋಗ್ಯ ಹಾಗೂ ನರವಿಜ್ಞಾನ ಸಂಸ್ಥೆ, ಅಂದರೆ ಡಿಮ್ಹಾನ್ಸ್, ಆಗಿ ಮಾರ್ಪಟ್ಟಿತು. ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ, ಜನರು ಇಂದಿಗೂ ಕಿಮ್ಸ್ ಎಂದೇ ಕರೆಯುವ, ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯು ಸುತ್ತಲಿನ ಜಿಲ್ಲೆಗಳ ಕ್ಲಿಷ್ಟ ಹೆರಿಗೆಗಳಿಗೆ ಆಸರೆಯಾಗಿದೆ. ಒಂದೇ ಅವಳಿ ನಗರದಲ್ಲಿ ದೊಡ್ಡ ಹೆರಿಗೆ ವಿಭಾಗವೂ ಮಾನಸಿಕ ಆರೋಗ್ಯ ಸಂಸ್ಥೆಯೂ ಇರುವುದು ಒಂದು ಅನುಕೂಲವೇ ಸರಿ. ಆದರೆ ಇವೆರಡರ ನಡುವಿನ ಇಪ್ಪತ್ತು ಕಿಲೋಮೀಟರ್ ದಾರಿಯನ್ನು ಬಾಣಂತಿಯು ಕ್ರಮಿಸಬೇಕಾದರೆ, ಆಕೆಗೆ ಅದರ ಅಗತ್ಯವಿದೆಯೆಂದು ಮೊದಲು ಯಾರಾದರೂ ಗುರುತಿಸಬೇಕು. ತರಬೇತಿಯ ಉದ್ದೇಶ ಇದೇ ಆಗಿದೆ.

ಮೂರು ಸ್ಥಿತಿಗಳು, ಮೂರು ಬಗೆಯ ಕ್ರಮ

ತರಬೇತಿಯಲ್ಲಿ ಮೊದಲಿಗೆ ಕಲಿಸಬೇಕಾದದ್ದು ಈ ಮೂರು ಸ್ಥಿತಿಗಳ ನಡುವಿನ ವ್ಯತ್ಯಾಸವನ್ನು. ಹೆರಿಗೆಯಾದ ಮೂರು-ನಾಲ್ಕನೆಯ ದಿನದಲ್ಲಿ ಕಾರಣವಿಲ್ಲದೆ ಅಳು ಬರುವುದು, ಸಿಡುಕುವುದು, ಕ್ಷಣಕ್ಕೊಂದು ಮನಸ್ಥಿತಿ ತಾಳುವುದು ಅರ್ಧಕ್ಕಿಂತ ಹೆಚ್ಚು ಬಾಣಂತಿಯರಲ್ಲಿ ಕಂಡುಬರುತ್ತದೆ. ಇದು ಸಾಮಾನ್ಯವಾಗಿ ಎರಡು ವಾರಗಳೊಳಗೆ ತಾನಾಗಿ ಶಮನವಾಗುತ್ತದೆ. ಇದಕ್ಕೆ ಔಷಧಿ ಬೇಕಿಲ್ಲ; ನಿದ್ರೆ, ಧೈರ್ಯದ ಮಾತು, ಕೂಸನ್ನು ಕೆಲಹೊತ್ತು ಹಿಡಿದುಕೊಳ್ಳುವವರು ಇದ್ದರೆ ಸಾಕು.

ಎರಡು ವಾರ ಕಳೆದ ಮೇಲೂ ಬೇಸರ ಇಳಿಯದಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಕೂಸು ಮಲಗಿದಾಗಲೂ ನಿದ್ರೆ ಬಾರದಿದ್ದರೆ, ತಾನು ಕೆಟ್ಟ ತಾಯಿ ಎಂಬ ಭಾವನೆ ಕಾಡುತ್ತಿದ್ದರೆ ಅದನ್ನು ಖಿನ್ನತೆ ಎಂದು ಶಂಕಿಸಬೇಕು. ಇದು ಹೆರಿಗೆಗೆ ಮುನ್ನವೇ ಆರಂಭವಾಗಿರಲೂಬಹುದು. ರಕ್ತಹೀನತೆ ಹಾಗೂ ಥೈರಾಯ್ಡ್ ತೊಂದರೆಯಿಂದಲೂ ಇದೇ ಬಗೆಯ ಸುಸ್ತು ಉಂಟಾಗುವುದರಿಂದ ವೈದ್ಯರು ರಕ್ತಪರೀಕ್ಷೆ ಮಾಡಿಸುವುದು ಅವಶ್ಯ.

ಮೂರನೆಯದು ಹೆರಿಗೆಯ ನಂತರದ ಮನೋವಿಕಲತೆ. ಸಾವಿರ ಹೆರಿಗೆಗಳಲ್ಲಿ ಒಬ್ಬಿಬ್ಬರಲ್ಲಿ ಮಾತ್ರ, ಬಹುಪಾಲು ಮೊದಲ ಎರಡು ವಾರಗಳಲ್ಲಿ ದಿಢೀರನೆ ಕಾಣಿಸಿಕೊಳ್ಳುತ್ತದೆ. ನಿದ್ರೆಯೇ ಇಲ್ಲದಿರುವುದು, ಸಂಬಂಧವಿಲ್ಲದ ಮಾತು, ಇಲ್ಲದ ಧ್ವನಿ ಕೇಳಿಸುವುದು, ಕೂಸಿನ ಬಗ್ಗೆ ವಿಚಿತ್ರ ನಂಬಿಕೆ, ಗೊಂದಲ ಇವು ಲಕ್ಷಣಗಳು. ನಮ್ಮಲ್ಲಿ ಇದನ್ನು ಬಾಣಂತಿ ಸನ್ನಿ ಎನ್ನುವುದು ವಾಡಿಕೆ. ಆದರೆ ಹೆರಿಗೆಯ ನಂಜಿನಿಂದ ಜ್ವರವೇರಿ ಬಡಬಡಿಸುವುದನ್ನೂ ಜನರು ಅದೇ ಹೆಸರಿನಿಂದ ಕರೆಯುತ್ತಾರೆ. ಆದುದರಿಂದ ಮನೆಯವರು ಸನ್ನಿ ಎಂದು ಹೇಳಿದಾಗ ಸಿಬ್ಬಂದಿಯು ಮೊದಲು ಜ್ವರ, ನಾಡಿ ಮತ್ತು ರಕ್ತದೊತ್ತಡ ಪರೀಕ್ಷಿಸತಕ್ಕದ್ದು. ಎರಡೂ ತುರ್ತು ಸ್ಥಿತಿಗಳೇ ಆಗಿದ್ದು, ಎರಡರಲ್ಲೂ ಅದೇ ದಿನ ಆಸ್ಪತ್ರೆಗೆ ಸಾಗಿಸಬೇಕು. ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಲು ಕುಟುಂಬವು ಬಯಸಿದಲ್ಲಿ ಅದರ ಕುರಿತು ವಾದಕ್ಕಿಳಿಯುವುದರಿಂದ ಪ್ರಯೋಜನವಿಲ್ಲ. ತಾಯತ ಕಟ್ಟಿದ ಮೇಲೂ ವಾಹನ ಹತ್ತುವಂತೆ ಮಾಡುವುದೇ ಮುಖ್ಯ.

ಪ್ರಶ್ನೆಯನ್ನು ಹೇಗೆ ಕೇಳಬೇಕು?

ಖಿನ್ನತೆಯನ್ನು ಗುರುತಿಸಲು ಎಡಿನ್‌ಬರೋ ಪ್ರಶ್ನಾವಳಿಯನ್ನು ಬಳಸಲಾಗುತ್ತದೆ. ಸ್ಕಾಟ್ಲೆಂಡಿನಲ್ಲಿ ರೂಪಿಸಿ 1987ರಲ್ಲಿ ಪ್ರಕಟಿಸಿದ ಇದರಲ್ಲಿ ಹತ್ತು ಪ್ರಶ್ನೆಗಳಿದ್ದು, ಕಳೆದ ಏಳು ದಿನಗಳ ಅನುಭವವನ್ನು ಕೇಳಲಾಗುತ್ತದೆ; ಗರಿಷ್ಠ ಅಂಕ 30. ಕನ್ನಡ ಆವೃತ್ತಿಯೂ ಲಭ್ಯವಿದೆ. ಹೆಚ್ಚು ಅಂಕ ಬಂದ ಮಾತ್ರಕ್ಕೆ ರೋಗವಿದೆ ಎಂದು ತೀರ್ಮಾನಿಸುವಂತಿಲ್ಲ, ವೈದ್ಯರ ತಪಾಸಣೆ ಬೇಕು. ಹತ್ತನೆಯ ಪ್ರಶ್ನೆಯು ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಗೆ ಸಂಬಂಧಿಸಿದ್ದು, ಇದಕ್ಕೆ ಹೌದೆಂಬ ಉತ್ತರ ಬಂದಲ್ಲಿ ಒಟ್ಟು ಅಂಕ ಎಷ್ಟೇ ಇರಲಿ, ಆಕೆಯನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರಿಗೆ ತೋರಿಸಬೇಕು. ಹೀಗೆ ಕೇಳುವುದರಿಂದಲೇ ಅಂತಹ ಯೋಚನೆ ಹುಟ್ಟೀತೆಂಬ ಭಯ ಅನೇಕ ಸಿಬ್ಬಂದಿಯಲ್ಲಿದೆ, ಅದು ನಿರಾಧಾರ.

ಪ್ರಶ್ನಾವಳಿ ಇದ್ದರೂ ಅದನ್ನು ಓದಿ ಹೇಳುವ ಬಗೆಯಲ್ಲಿ ಸಮಸ್ಯೆ ಉಂಟಾಗುತ್ತದೆ. ಗ್ರಾಂಥಿಕ ಕನ್ನಡದಲ್ಲಿ ‘ನೀವು ಖಿನ್ನರಾಗಿದ್ದೀರಾ’ ಎಂದು ಕೇಳಿದರೆ ಕಲಘಟಗಿಯ ಅಥವಾ ಕುಂದಗೋಳದ ಬಾಣಂತಿಗೆ ಪ್ರಶ್ನೆಯೇ ಅರ್ಥವಾಗದು. ಈ ಭಾಗದ ಸ್ತ್ರೀಯರು ಮನಸ್ಸಿನ ನೋವನ್ನು ದೇಹದ ಮಾತಿನಲ್ಲಿ ಹೇಳುವುದೇ ಹೆಚ್ಚು: ‘ಎದಿ ಹಿಡದಂಗ ಆಗತೈತ್ರಿ’, ‘ತಲಿ ಭಾರ ಐತಿ’, ‘ಕೈಕಾಲಾಗ ಶಕ್ತಿನ ಇಲ್ಲ’. ಇಂತಹ ದೂರಿಗೆ ನೋವಿನ ಮಾತ್ರೆಯನ್ನೋ ಶಕ್ತಿಯ ಗುಳಿಗೆಯನ್ನೋ ಕೊಟ್ಟು ಕಳುಹಿಸದೆ, ‘ತಂಗಿ, ಕೂಸು ಮಲಗಿದಾಗ ನಿನಗ ನಿದ್ದಿ ಬರತದೇನು? ಯಾವುದರಾಗೂ ಮನಸ ಇಲ್ಲ ಅನಸತದೇನು?’ ಎಂದು ಕೇಳಲು ಕಲಿಸುವುದು ತರಬೇತಿಯ ತಿರುಳು. ತಾಯಿ ಕಾರ್ಡಿನಲ್ಲಿ ತೂಕ, ರಕ್ತದೊತ್ತಡ ಮತ್ತು ಹಿಮೋಗ್ಲೋಬಿನ್ ಬರೆಯುವಷ್ಟೇ ಸಹಜವಾಗಿ, ಪ್ರತಿಯೊಬ್ಬರಿಗೂ ಕೇಳುವ ಪ್ರಶ್ನೆ ಇದೆಂಬ ಧಾಟಿಯಲ್ಲಿ ಕೇಳಿದಾಗ ಸಂಕೋಚ ಕಡಿಮೆಯಾಗುತ್ತದೆ.

ಏಕಾಂತದ ಪ್ರಶ್ನೆಯೂ ಇದೆ. ಅತ್ತೆ, ತಾಯಿ, ನೆರೆಹೊರೆಯವರು ಬಾಣಂತಿಯ ಮಂಚದ ಸುತ್ತ ಕುಳಿತಿರುವಾಗ ಆಕೆ ‘ಆರಾಮ ಅದೇನ್ರಿ’ ಎಂದಷ್ಟೇ ಹೇಳುವಳು. ಕೂಸಿನ ತೂಕ ನೋಡುವ ನೆಪದಲ್ಲಿ, ಹಾಲುಣಿಸುವ ಬಗೆ ತೋರಿಸುವ ನೆಪದಲ್ಲಿ ಐದು ನಿಮಿಷ ಆಕೆಯೊಬ್ಬಳೊಡನೆ ಮಾತನಾಡಲು ಅನುಭವಿ ಆಶಾ ಕಾರ್ಯಕರ್ತೆಯರಿಗೆ ತಿಳಿದಿರುತ್ತದೆ. ಹೊಸಬರಿಗೆ ಇದನ್ನು ಉಪನ್ಯಾಸದಿಂದ ಕಲಿಸಲಾಗದು. ಒಬ್ಬರು ಬಾಣಂತಿಯಾಗಿ, ಒಬ್ಬರು ಅತ್ತೆಯಾಗಿ, ಒಬ್ಬರು ಕಾರ್ಯಕರ್ತೆಯಾಗಿ ಅಭಿನಯಿಸುವ ಅಭ್ಯಾಸದಿಂದ ಮಾತ್ರ ಸಾಧ್ಯ.

ಗೋವಾದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನವೊಂದು ಬಡತನ, ಗಂಡನಿಂದ ಹಿಂಸೆ ಹಾಗೂ ಹೆಣ್ಣುಮಗು ಹುಟ್ಟಿದ ಸಂದರ್ಭ ಇವು ಖಿನ್ನತೆಗೆ ಸಂಬಂಧಿಸಿರುವುದನ್ನು ತೋರಿಸಿತು. ನಮ್ಮ ಗಡಿಗೆ ಹೊಂದಿಕೊಂಡ ರಾಜ್ಯದ ಈ ಫಲಿತಾಂಶವನ್ನು ಇಲ್ಲಿಯ ಸಿಬ್ಬಂದಿ ಗಂಭೀರವಾಗಿ ಪರಿಗಣಿಸಬೇಕು. ‘ಎರಡನೇದೂ ಹೆಣ್ಣ?’ ಎಂಬ ಉದ್ಗಾರ ಹೆರಿಗೆ ಕೋಣೆಯಲ್ಲಿ ಸಿಬ್ಬಂದಿಯ ಬಾಯಿಂದಲೇ ಬರಬಾರದು. ಹೆರಿಗೆಯ ವೇಳೆ ಗದರುವುದೂ ಸಲ್ಲದು. ಹೆರಿಗೆ ಸಂಗಾತಿಯಾಗಿ ಒಬ್ಬ ಮಹಿಳಾ ಬಂಧುವನ್ನು ಜೊತೆಗಿರಲು ಬಿಡಬೇಕೆಂದು ಕೇಂದ್ರ ಸರ್ಕಾರವು 2016ರಲ್ಲಿಯೇ ಸೂಚಿಸಿದೆ.

ತವರುಮನೆಯ ಬಾಣಂತನ ಮತ್ತು ತಪ್ಪಿಹೋಗುವ ಭೇಟಿಗಳು

ಉತ್ತರ ಕರ್ನಾಟಕದಲ್ಲಿ ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ರೂಢಿ ಇದೆ. ಅಂಟಿನುಂಡಿ, ಎಣ್ಣೆನೀರು, ತಾಯಿಯ ಆರೈಕೆ ಇವೆಲ್ಲ ಮನಸ್ಸಿಗೆ ಬಲ ನೀಡುವಂಥವೇ. ಈ ಪದ್ಧತಿಯನ್ನು ಹಳೆಯದೆಂದು ತಳ್ಳಿಹಾಕುವ ಅಗತ್ಯವಿಲ್ಲ. ಆದರೆ ಇದರಿಂದ ಒಂದು ತೊಡಕು ಉಂಟಾಗುತ್ತದೆ. ಹುಬ್ಬಳ್ಳಿಯ ಗಂಡನ ಮನೆಯಲ್ಲಿ ಗರ್ಭಿಣಿಯಾಗಿ ನೋಂದಾಯಿತಳಾದವಳು ನವಲಗುಂದದ ತವರಿನಲ್ಲಿ ಬಾಣಂತನ ಮುಗಿಸಿ ಕೆಲವು ತಿಂಗಳ ನಂತರ ಹಿಂದಿರುಗುತ್ತಾಳೆ. ಒಬ್ಬ ಆಶಾ ಕಾರ್ಯಕರ್ತೆಗೆ ಆಕೆಯ ಗರ್ಭಾವಸ್ಥೆಯ ಬೇಸರ ಗೊತ್ತು, ಇನ್ನೊಬ್ಬರಿಗೆ ಬಾಣಂತನದ ಮೌನ ಗೊತ್ತು. ಎರಡನ್ನೂ ಒಟ್ಟಿಗೆ ಕಂಡವರು ಯಾರೂ ಇಲ್ಲ.

ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆಯು 3, 7, 14, 21, 28 ಹಾಗೂ 42ನೆಯ ದಿನಗಳಂದು ಭೇಟಿ ನೀಡಬೇಕು. ಈ ಆರು ಭೇಟಿಗಳು ನವಜಾತ ಶಿಶುವಿಗೆ ಸಂಬಂಧಿಸಿದವುಗಳಾದರೂ ತಾಯಿಯನ್ನು ಕಾಣಲು ಇವೇ ಉತ್ತಮ ಅವಕಾಶ. ಖಿನ್ನತೆಯು 42 ದಿನಗಳ ನಂತರವೂ ತಲೆದೋರಬಹುದಾದ್ದರಿಂದ ಆರು, ಹತ್ತು ಮತ್ತು ಹದಿನಾಲ್ಕನೆಯ ವಾರದ ಲಸಿಕೆಯ ದಿನಗಳಲ್ಲಿ ಹಾಗೂ 2018ರಿಂದ ಜಾರಿಗೆ ಬಂದ, ಮೂರನೆಯ ತಿಂಗಳಿನಿಂದ ಆರಂಭವಾಗುವ ಚಿಕ್ಕಮಕ್ಕಳ ಗೃಹಭೇಟಿಗಳಲ್ಲಿ ಅದೇ ಪ್ರಶ್ನೆಗಳನ್ನು ಮತ್ತೆ ಕೇಳಬೇಕು. ತವರಿಗೆ ಹೊರಡುವ ಮುನ್ನ ತಾಯಿಯ ಒಪ್ಪಿಗೆ ಪಡೆದು ಅಲ್ಲಿಯ ಕಾರ್ಯಕರ್ತೆಗೆ ದೂರವಾಣಿ ಮೂಲಕ ತಿಳಿಸುವುದು ಖರ್ಚಿಲ್ಲದ ಕ್ರಮ.

ಗುರುತಿಸಿದ ಮೇಲೆ ಏನು?

ಮಾತಿನ ಮೂಲಕವೇ ಗುಣಪಡಿಸಬಹುದಾದ ಪ್ರಕರಣಗಳು ಹಲವು. ಪಾಕಿಸ್ತಾನದ ಗ್ರಾಮೀಣ ಭಾಗದಲ್ಲಿ ನಮ್ಮ ಆಶಾ ಕಾರ್ಯಕರ್ತೆಯರನ್ನು ಹೋಲುವ ಮಹಿಳಾ ಆರೋಗ್ಯ ಕಾರ್ಯಕರ್ತೆಯರಿಗೆ ಅಲ್ಪಾವಧಿಯ ತರಬೇತಿ ಹಾಗೂ ಅನಂತರ ನಿಯಮಿತ ಮೇಲ್ವಿಚಾರಣೆ ನೀಡಿ, ಖಿನ್ನತೆಯಿದ್ದ ಗರ್ಭಿಣಿಯರ ಮನೆಗಳಿಗೆ ಕಳುಹಿಸಲಾಯಿತು. 2008ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹೆರಿಗೆಯಾಗಿ ಆರು ತಿಂಗಳಿಗೆ ಈ ನೆರವು ಪಡೆದವರಲ್ಲಿ ಶೇ. 23ರಷ್ಟು ಹಾಗೂ ಪಡೆಯದವರಲ್ಲಿ ಶೇ. 53ರಷ್ಟು ತಾಯಂದಿರಲ್ಲಿ ಖಿನ್ನತೆ ಉಳಿದಿತ್ತು. ಇದರ ಕೈಪಿಡಿಯನ್ನು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಹೊರತಂದಿತು. ಗಮನಿಸಬೇಕಾದ ಅಂಶವೆಂದರೆ ಅಲ್ಲಿ ಮೇಲ್ವಿಚಾರಣೆ ನಿಂತಿರಲಿಲ್ಲ. ಒಂದು ದಿನದ ಕಾರ್ಯಾಗಾರ, ಮಧ್ಯಾಹ್ನದ ಊಟ ಮತ್ತು ಪ್ರಮಾಣಪತ್ರದೊಂದಿಗೆ ಮುಗಿಯುವ ತರಬೇತಿಯಿಂದ ಇಂತಹ ಫಲ ನಿರೀಕ್ಷಿಸುವಂತಿಲ್ಲ.

ವೈದ್ಯರಿಗೆ ನೀಡುವ ತರಬೇತಿಯಲ್ಲಿ ಔಷಧಿಯ ವಿಷಯ ಪ್ರಧಾನವಾಗಿರುತ್ತದೆ. ಗರ್ಭ ನಿಂತಿದೆ ಎಂಬ ಕಾರಣಕ್ಕೆ ಮೊದಲಿನಿಂದ ಸೇವಿಸುತ್ತಿದ್ದ ಮಾನಸಿಕ ರೋಗದ ಔಷಧಿಯನ್ನು ಹಠಾತ್ತನೆ ನಿಲ್ಲಿಸುವುದು ಅಪಾಯಕರ. ವಾಲ್‌ಪ್ರೋಯೇಟ್‌ನಂತಹ ಔಷಧಿಯು ಭ್ರೂಣಕ್ಕೆ ಹಾನಿಕರವಾದ್ದರಿಂದ ಗರ್ಭ ಧರಿಸಬಹುದಾದ ಸ್ತ್ರೀಯರಿಗೆ ಅದನ್ನು ತಪ್ಪಿಸಬೇಕು ಮತ್ತು ತಜ್ಞರ ಸಲಹೆಯಂತೆ ಮೊದಲೇ ಬದಲಿಸಬೇಕು. ಸರ್ಟ್ರಾಲಿನ್‌ನಂತಹ ಕೆಲವು ಖಿನ್ನತೆ ನಿವಾರಕಗಳನ್ನು ಎದೆಹಾಲು ಉಣಿಸುತ್ತಲೇ ಸೇವಿಸಬಹುದು. ‘ಗುಳಿಗಿ ತಗೊಂಡ್ರ ಹಾಲು ಕೆಡತದ’ ಎಂಬ ಮಾತು ಕೇಳಿ ಎಷ್ಟೋ ತಾಯಂದಿರು ಚಿಕಿತ್ಸೆಯನ್ನೇ ಬಿಡುತ್ತಾರೆ. ವೈದ್ಯರು ಇದನ್ನು ಅತ್ತೆ ಮತ್ತು ಗಂಡನ ಎದುರಿನಲ್ಲಿ ವಿವರಿಸುವುದು ಸೂಕ್ತ.

ದಾಖಲಾಗಬೇಕಾದ ತಾಯಿಯಿಂದ ಕೂಸನ್ನು ಬೇರ್ಪಡಿಸುತ್ತಾರೆಂಬ ಹೆದರಿಕೆಯೂ ಕುಟುಂಬಗಳಲ್ಲಿದೆ. ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, 2017ರ 21ನೇ ಪ್ರಕರಣದಂತೆ, ಚಿಕಿತ್ಸೆ ಪಡೆಯುತ್ತಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸುವಂತಿಲ್ಲ. ಮಗುವಿಗೆ ಅಪಾಯವಿದೆಯೆಂದು ಕಂಡು ತಾತ್ಕಾಲಿಕವಾಗಿ ಬೇರ್ಪಡಿಸಿದಲ್ಲಿ ಆ ನಿರ್ಧಾರವನ್ನು ಹದಿನೈದು ದಿನಗಳಿಗೊಮ್ಮೆ ಪುನರ್‌ಪರಿಶೀಲಿಸಬೇಕು.

ಸಾರ್ವಜನಿಕರಿಗೆ ಸೂಚನೆ

ಎರಡು ವಾರ ಮೀರಿದ ಬೇಸರಕ್ಕೆ ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಯನ್ನು ಸಂಪರ್ಕಿಸಬಹುದು. ಮನೋವೈದ್ಯರು ಯಾವ ದಿನ ಲಭ್ಯರಿರುತ್ತಾರೆ ಎಂಬುದನ್ನು ಅಲ್ಲಿಯೇ ವಿಚಾರಿಸಿಕೊಳ್ಳಬೇಕು. ಧಾರವಾಡದ ಬೆಳಗಾವಿ ರಸ್ತೆಯಲ್ಲಿರುವ ಡಿಮ್ಹಾನ್ಸ್‌ನಲ್ಲಿ ತಜ್ಞರ ಚಿಕಿತ್ಸೆ ದೊರೆಯುತ್ತದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದು. ತಾಯಿಯು ಗೊಂದಲದಲ್ಲಿದ್ದರೆ, ತನಗೆ ಅಥವಾ ಕೂಸಿಗೆ ಹಾನಿ ಮಾಡುವ ಮಾತನಾಡಿದರೆ, ಕೂಸಿನ ಬಳಿ ಮತ್ತೊಬ್ಬರು ಇರುವಂತೆ ನೋಡಿಕೊಂಡು ಕೂಡಲೇ 108ಕ್ಕೆ ಕರೆ ಮಾಡತಕ್ಕದ್ದು. ಆಸ್ಪತ್ರೆಗೆ ಬರುವಾಗ ತಾಯಿ ಕಾರ್ಡು, ಹೆರಿಗೆ ಆಸ್ಪತ್ರೆಯ ಬಿಡುಗಡೆ ಚೀಟಿ ಹಾಗೂ ಸೇವಿಸುತ್ತಿರುವ ಎಲ್ಲ ಔಷಧಿಗಳನ್ನು ತರಬೇಕು. ಸಾಧ್ಯವಾದಲ್ಲಿ ರಾತ್ರಿ ಆಕೆಯೊಡನೆ ಇದ್ದವರೇ ಜೊತೆಗೆ ಬರಬೇಕು.